ತಾಮ್ರಕ್ಕೆ ತವರದ ಒಳಮೈ

ಬಳಸಿ ಬಿಟ್ಟ ಎಸ್ಪ್ರೆಸೊ ಯಂತ್ರವನ್ನು ಅಗ್ಗಕ್ಕೆ ಕೊಂಡು ತಂದು, ಮನೆಯಲ್ಲೇ ಬಿಚ್ಚಿ, ಬಾಯ್ಲರಿನೊಳಗೆ ಕಟ್ಟಿದ ಸುಣ್ಣವನ್ನು ಸಿಟ್ರಿಕ್ ಆಮ್ಲದಲ್ಲಿ ಕರಗಿಸಿ, ಗ್ಯಾಸ್ಕೆಟ್ ಬದಲಿಸಿ, ಮತ್ತೆ ಹಬೆ ಬರುವಂತೆ ಮಾಡುವುದು ಈಗ ದೊಡ್ಡ ಊರುಗಳಲ್ಲಿ ಕೆಲವರ ಹವ್ಯಾಸ. ಯಂತ್ರದ ಹಿಂದೆಯೇ ಪರದೇಶದಿಂದ ಬಂದ ಶೋಕಿ ಇದು ಎಂದುಕೊಳ್ಳುವವರೇ ಹೆಚ್ಚು. ಆದರೆ ಹೊರಗಿನ ತಗಡು ಕಳಚಿದರೆ ಒಳಗೆ ಕಾಣುವುದು ತಾಮ್ರದ ಇಲ್ಲವೇ ಹಿತ್ತಾಳೆಯ ಒಂದು ಪಾತ್ರೆ. ಅದರಲ್ಲಿ ನೀರು, ಆ ನೀರಿಗೆ ಕಾವು. ತಾಮ್ರದ ಪಾತ್ರೆಯ ಒಳಮೈಯನ್ನು ಕಾಲಕಾಲಕ್ಕೆ ಹೊಸದು ಮಾಡಿಸಿ ಎರಡು ಮೂರು ತಲೆಮಾರು ಬಳಸುವುದು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳದಂಥ ಊರುಗಳಿಗೆ, ಒಟ್ಟಾರೆ ಬಸವಕಲ್ಯಾಣ-ಹುಮನಾಬಾದ್ ಸೀಮೆಗೆ, ಹೊಸ ಸಂಗತಿಯಲ್ಲ. ಅದಕ್ಕೆ ಕಲಾಯಿ ಎನ್ನುತ್ತಾರೆ. ಕಲಾಯಿ ಯಾಕೆ ಅಷ್ಟು ಕಾಲ ಬಾಳಿತು, ಯಾಕೆ ಒಂದೇ ತಲೆಮಾರಿನಲ್ಲಿ ಮಾಯವಾಯಿತು ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರ: ಸ್ಟೀಲು ಬಂತು, ಕಲಾಯಿ ಹೋಯಿತು. ಇದು ಅರ್ಧ ನಿಜ. ತಾಮ್ರ ಮನೆಯ ಆಸ್ತಿಯಾಗಿದ್ದಷ್ಟು ದಿನ ಕಲಾಯಿ ಬದುಕಿತ್ತು, ಆಸ್ತಿ ತಾಮ್ರವನ್ನು ಬಿಟ್ಟು ಬೇರೆಡೆ ಹೋದಾಗ ಕಲಾಯಿಯೂ ಹೋಯಿತು ಎಂಬುದು ಈ ಲೇಖನದ ವಾದ. ಅಡುಗೆಮನೆಯ ಅನುಕೂಲಕ್ಕಿಂತ ಇದು ದೊಡ್ಡ ಕಾರಣ.

ಕೆಲಸವನ್ನು ಮೊದಲು ಹತ್ತಿರದಿಂದ ನೋಡಬೇಕು. ಬರಿ ತಾಮ್ರದಲ್ಲಿ ಹುಣಸೆಹುಳಿಯ ಸಾರನ್ನೋ ಮಜ್ಜಿಗೆಯನ್ನೋ ಇಟ್ಟರೆ ಕಿಲುಬು ಏಳುತ್ತದೆ. ಉಂಡವರಿಗೆ ಹೊಟ್ಟೆ ತೊಳಸುತ್ತದೆ. ಹುಳಿಗೂ ತಾಮ್ರಕ್ಕೂ ನಡುವೆ ತವರದ ತೆಳ್ಳನೆಯ ಪದರವೊಂದನ್ನು ನಿಲ್ಲಿಸುವುದೇ ಕಲಾಯಿ. ಕಲಾಯಿಗಾರ ನೆಲದಲ್ಲಿ ಕುಳಿ ತೋಡಿ, ಇದ್ದಲು ತುಂಬಿ, ತಿದಿಯ ಮೂತಿಯನ್ನು ಮಣ್ಣಿನಲ್ಲಿ ಹುಗಿದು ಗಾಳಿ ಹಾಕುತ್ತಿದ್ದ. ಪಾತ್ರೆಯನ್ನು ಮೊದಲು ಮರಳು, ಹುಳಿ, ಕೆಲವೊಮ್ಮೆ ಆಮ್ಲ ಹಾಕಿ ಉಜ್ಜಬೇಕು. ದೊಡ್ಡ ಹಂಡೆಯಾದರೆ ಹುಡುಗನೊಬ್ಬ ಅದರೊಳಗೇ ಇಳಿದು, ಕಾಲಡಿಗೆ ಚಿಂದಿ ಹಾಕಿಕೊಂಡು, ಸೊಂಟ ತಿರುಗಿಸುತ್ತ ತಳ ತಿಕ್ಕುತ್ತಿದ್ದ. ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಎರಚಿದೊಡನೆ ಮೂಗು ಕೊರೆಯುವ ಬಿಳಿ ಹೊಗೆ ಏಳುತ್ತದೆ, ಲೋಹದ ಮೈಗಂಟಿದ ಕಪ್ಪು ಬಿಡುತ್ತದೆ. ಅದೇ ಗಳಿಗೆಗೆ ತವರದ ಕಡ್ಡಿ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದೇ ಸಮ ಬಳಿದುಬಿಡಬೇಕು. ಕಾವು ಸಾಲದಿದ್ದರೆ ತವರ ಹಿಡಿಯದೆ ಹನಿಹನಿಯಾಗಿ ಉರುಳುತ್ತದೆ. ಮೀರಿದರೆ ಮೈ ಹಳದಿಗೆ ತಿರುಗುತ್ತದೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ, ತಾಮ್ರ ಕರಗಲು 1085 ಡಿಗ್ರಿ ಬೇಕು. ಇವೆರಡರ ಅಂತರವೇ ಕಸುಬಿನ ಬಂಡವಾಳ. ಅದೇ ಕಾರಣಕ್ಕೆ, ನೀರಿಲ್ಲದ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ತಾಮ್ರಕ್ಕೆ ಏನೂ ಆಗದು, ಕಲಾಯಿ ಮಾತ್ರ ಕರಗಿ ತಳಕ್ಕಿಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮುರಿದದ್ದನ್ನು ಕೂಡಿಸುವ ಕೆಲಸ ಇದಲ್ಲ. ಸೌಟು ತಾಗಿ, ಬೂದಿ ತಾಗಿ ಸವೆಯಲೆಂದೇ ಈ ಪದರವನ್ನು ಹಾಕುತ್ತಾರೆ. ಸವೆದರೆ ತವರ ಸವೆಯಲಿ, ತಾಮ್ರ ಹಾಗೇ ಇರಲಿ ಎಂಬುದು ಇದರ ಲೆಕ್ಕ. ದಿನಬಳಕೆಯ ಪಾತ್ರೆಗೆ ವರ್ಷಕ್ಕೊಂದೆರಡು ಸಲ ಈ ಖರ್ಚು ತಪ್ಪಿದ್ದಲ್ಲ, ಯಾರೂ ಅದನ್ನು ಕೆಟ್ಟುಹೋದದ್ದರ ದಂಡ ಎಂದು ಬಗೆಯುತ್ತಲೂ ಇರಲಿಲ್ಲ.

ಲೋಹದ ತಿಳಿವಳಿಕೆ ಈ ಸೀಮೆಯಲ್ಲಿ ಹಳೆಯದು. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೇಣದ ಅಚ್ಚಿನಿಂದ ಲೋಹದ ಮೂರ್ತಿ ಎರಕ ಹೊಯ್ಯುವ ವಿಧಾನವಿದೆ, ಮೇಣವನ್ನು ತೂಗಿ, ಆ ತೂಕದ ಮೇಲೆ ಎಷ್ಟು ತಾಮ್ರ, ಎಷ್ಟು ಬೆಳ್ಳಿ ಬೇಕೆಂದು ಲೆಕ್ಕ ಹಾಕುವಷ್ಟು ಖಚಿತವಾಗಿದೆ. ಬೀದರಿನಲ್ಲಿ ಬಹಮನಿಗಳ ಕಾಲದಿಂದ ಬಿದ್ರಿ ಕೆಲಸ ನಡೆದುಬಂದಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದಾಗ ಸತು ಕಪ್ಪಾಗಿ ಬೆಳ್ಳಿ ಎದ್ದು ಕಾಣುತ್ತದೆ. ಕಲಾಯಿಗಾರನ ಚೀಲದಲ್ಲಿದ್ದದ್ದೂ ಇದೇ ನವಸಾಗರ. ಒಂದು ಕಸುಬಿಗೆ ಭೌಗೋಳಿಕ ಗುರುತು, ಸರ್ಕಾರಿ ಮಳಿಗೆ, ಪ್ರಶಸ್ತಿ ಎಲ್ಲ ಸಿಕ್ಕವು. ಇನ್ನೊಂದಕ್ಕೆ ಯಾವುದೂ ಇಲ್ಲ. ಬಿದ್ರಿ ಹೂದಾನಿಯ ಹೊರಮೈಯಲ್ಲಿರುತ್ತದೆ, ಕಲಾಯಿ ಬೋಗುಣಿಯ ಒಳಗಿರುತ್ತದೆ; ಒಳಗಿನದಕ್ಕೆ ಪ್ರದರ್ಶನ ಏರ್ಪಡಿಸುವುದು ಕಷ್ಟ.

ಕಲ್ಯಾಣದ ಹೆಸರು ಬಂದೊಡನೆ ಕಾಯಕದ ಮಾತೆತ್ತುವ ಚಾಳಿ ನಮಗಿದೆ. ಕಲಾಯಿಯ ಮಟ್ಟಿಗೆ ಅದಕ್ಕಿಂತ ಹೆಚ್ಚು ಬೆಳಕು ಚೆಲ್ಲುವುದು ಊರಿನ ಕೂಲಿಲೆಕ್ಕ. ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿದ ಇವರೆಲ್ಲ ಆಯಗಾರರು. ಸುಗ್ಗಿಯಲ್ಲಿ ರಾಶಿಯ ಮೇಲೆ ಅವರಿಗೆ ಪಾಲಿತ್ತು. ಆ ಪಟ್ಟಿಯಲ್ಲಿ ಕಲಾಯಿಗಾರ ಇಲ್ಲ. ಪಾತ್ರೆ ಬಡಿಯುವವರು ಕಂಚುಗಾರರು, ಮಾರುವವರು ಬೋಗಾರರು, ಗಡಿಯಾಚೆ ಮರಾಠಿಯಲ್ಲಿ ಕಾಸಾರರು. ಕಲಾಯಿ ಹಾಕುವವನು ಹೆಚ್ಚಾಗಿ ಮುಸ್ಲಿಂ ಕಸುಬುದಾರ. ತಿದಿ ಹೊತ್ತು ಊರೂರು ತಿರುಗುತ್ತ, ಪಾತ್ರೆಗಿಷ್ಟು ಎಂದು ಕಾಸನ್ನೋ ಜೋಳವನ್ನೋ ಪಡೆಯುತ್ತಿದ್ದ. ಕಲಾಯಿಗಾರ ಎಂಬುದು ಉತ್ತರ ಕರ್ನಾಟಕದಲ್ಲಿ ಇಂದಿಗೂ ಮನೆತನದ ಅಡ್ಡಹೆಸರು. ಊರಿನ ಮೇಲೆ ಅವನಿಗೆ ಹಕ್ಕಿರಲಿಲ್ಲ, ಊರಿಗೂ ಅವನ ಮೇಲೆ ಹಕ್ಕಿರಲಿಲ್ಲ. ಯಾವ ಮನೆಯಲ್ಲಿ ತಾಮ್ರ ಇದೆಯೋ ಆ ಮನೆಗಷ್ಟೇ ಅವನು ಬೇಕು. ಬಡವರ ಮನೆಯಲ್ಲಿ ಮಡಕೆ, ಕುಡಿಕೆ. ಮಡಕೆಗೆ ಕಲಾಯಿ ಬೇಡ. ಹೀಗಾಗಿ ಕಲಾಯಿಗಾರ ಯಾವ ಓಣಿಯಲ್ಲಿ ಎಷ್ಟು ಹೊತ್ತು ಕೂತ ಎಂಬುದೇ ಆ ಓಣಿಯ ಅನುಕೂಲಸ್ಥಿತಿಯ ಅಳತೆ.

ತಾಮ್ರ ಇರುವುದೆಂದರೆ ಏನು? ಪಾತ್ರೆಯನ್ನು ಅಂಗಡಿಯಲ್ಲಿ ಕೊಳ್ಳುತ್ತಿದ್ದದ್ದು ತೂಕದ ಮೇಲೆ. ಹಳೆಯದನ್ನು ಮರಳಿ ಕೊಟ್ಟರೆ ಅಂಗಡಿಯವನು ತೂಕ ಹಿಡಿದು, ಒಂದಿಷ್ಟು ಮುರಿದುಕೊಂಡು, ಉಳಿದದ್ದನ್ನು ಹೊಸದರ ಬೆಲೆಗೆ ಜಮಾ ಮಾಡುತ್ತಿದ್ದ. ಮದುವೆಯಲ್ಲಿ ಹೆಣ್ಣಿಗೆ ಕೊಟ್ಟ ಕೊಡ, ಹಂಡೆ, ಪರಾತಗಳ ಕಂಠದ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆಸುವ ರೂಢಿ ಇತ್ತು, ಕನ್ನಡದಲ್ಲೋ ಮರಾಠಿಯಲ್ಲೋ. ಆ ಹೆಸರು ಅಲಂಕಾರಕ್ಕಲ್ಲ. ಪಾತ್ರೆ ಯಾರ ಸೊತ್ತು, ಯಾವ ಮನೆಯಿಂದ ಬಂತು ಎಂಬುದಕ್ಕೆ ಅದೇ ಕಾಗದಪತ್ರ. ಬರದ ವರ್ಷ ಬಿತ್ತನೆಯ ಬೀಜಕ್ಕೆ, ಕಾಯಿಲೆಗೆ, ಮೊದಲು ಹೊಸ್ತಿಲು ದಾಟುತ್ತಿದ್ದದ್ದು ಹಿತ್ತಾಳೆ ತಾಮ್ರವೇ. ಬಂಗಾರದ ಸರದಿ ಆಮೇಲೆ. ಬ್ಯಾಂಕು ಇಲ್ಲದ ಊರಿನಲ್ಲಿ ಪಾತ್ರೆಯ ಅಟ್ಟ ಉಳಿತಾಯದ ಖಾತೆಯಂತಿತ್ತು. ಹಾಗೆ ನೋಡಿದರೆ ಕಲಾಯಿಯ ಕೂಲಿ ಅಡುಗೆಯ ಖರ್ಚಲ್ಲ, ಬಂಡವಾಳ ಕರಗದಂತೆ ನೋಡಿಕೊಳ್ಳುವ ಖರ್ಚು. ಕಲಾಯಿ ಇಲ್ಲದ ಪಾತ್ರೆಯಲ್ಲಿ ಅಡುಗೆ ಮಾಡಿ, ಕಿಲುಬು ಕೆರೆದು ಕೆರೆದು ತೆಗೆದರೆ ಪ್ರತಿ ಸಲ ಒಂದಿಷ್ಟು ತಾಮ್ರವೇ ಹೋಗುತ್ತದೆ. ತೂಕಕ್ಕೆ ಮಾರುವ ವಸ್ತುವಿನಲ್ಲಿ ಅದು ಕಣ್ಣಿಗೆ ಕಾಣುವ ನಷ್ಟ.

ಇದಕ್ಕೆ ಎದುರು ಮಾತು ಇದೆ. ಜನ ಅಷ್ಟೆಲ್ಲ ಲೆಕ್ಕ ಹಾಕುವುದಿಲ್ಲ, ಕಲಾಯಿ ಬೇಡದ ಪಾತ್ರೆ ಸಿಕ್ಕ ದಿನ ಕಲಾಯಿ ಬಿಟ್ಟರು, ಅಷ್ಟೇ ಎನ್ನಬಹುದು. ಇಸವಿಗಳು ಇದನ್ನು ಒಪ್ಪುವುದಿಲ್ಲ. ಕಲಾಯಿ ಬೇಡದ ಪಾತ್ರೆ ಬಂದದ್ದು ಸ್ಟೀಲಿಗಿಂತ ಬಹಳ ಮೊದಲು. ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ 1898ರಲ್ಲಿ ಅಲ್ಯೂಮಿನಿಯಂ ಪಾತ್ರೆ ತಯಾರಿಸಲು ಶುರುಮಾಡಿದರು. ತಾಮ್ರ ಹಿತ್ತಾಳೆಯ ಜಾಗವನ್ನು ಹಗುರವಾದ, ಕಲಾಯಿ ಬೇಡದ ಲೋಹ ಹಿಡಿಯಬಲ್ಲದು, ಬಡಿಯುವವರು ಅದೇ ಕಂಚುಗಾರರಾಗಬಹುದು ಎಂಬುದೇ ಅವರ ಎಣಿಕೆ. ಕೆಲವೇ ವರ್ಷಗಳಲ್ಲಿ ಅದು ಖಾಸಗಿ ಕಂಪನಿಯ ಉದ್ಯಮವಾಯಿತು. ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದರು. ಅಲ್ಯೂಮಿನಿಯಂ ಅಗ್ಗ, ಹಗುರ, ಬೇಗ ಕಾಯುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಿಗೂ ಅದು ‘ಜರ್ಮನ್’ ಪಾತ್ರೆ ಎಂಬ ಹೆಸರಿನಲ್ಲಿ ಬಂತು. ಚಹಾದ ಕಿಟ್ಲಿ, ಅನ್ನದ ಬೋಗುಣಿ, ಹೊಲಕ್ಕೆ ಬುತ್ತಿ ಒಯ್ಯುವ ಡಬ್ಬಿ ಆಯಿತು. ಆದರೂ ತಾಮ್ರ ಹಿತ್ತಾಳೆ ಮನೆಯಿಂದ ಹೊರಬೀಳಲಿಲ್ಲ, ಕಲಾಯಿಗಾರನ ತಿದಿಗೆ ಮುಂದೆ ಎಷ್ಟೋ ದಶಕ ಕೆಲಸವಿತ್ತು. ಅನುಕೂಲವೊಂದೇ ಕಾರಣವಾಗಿದ್ದರೆ 1930ರ ಹೊತ್ತಿಗೇ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ ಯಾಕೆಂದರೆ ಜರ್ಮನ್ ಪಾತ್ರೆಯನ್ನು ಯಾರೂ ಮಗಳ ಮದುವೆಗೆ ಕೊಡುತ್ತಿರಲಿಲ್ಲ. ಅದರ ಮೇಲೆ ಹೆಸರು ಕೊರೆಸುವವರಿಲ್ಲ, ಅದನ್ನು ಒತ್ತೆ ಹಿಡಿಯುವವರಿಲ್ಲ. ಅದು ತಾಮ್ರದ ಅಡುಗೆ ಕೆಲಸವನ್ನು ಹಂಚಿಕೊಂಡಿತು, ಅದರ ಪದವಿಯನ್ನು ಮುಟ್ಟಲಿಲ್ಲ.

ಸ್ಟೀಲು ಮುಟ್ಟಿತು. 1980ರ ದಶಕದ ಆರಂಭದಲ್ಲಿ ಸೇಲಂ ಸ್ಥಾವರದಿಂದ ತುಕ್ಕು ಹಿಡಿಯದ ಉಕ್ಕಿನ ಹಾಳೆಗಳು ಬರತೊಡಗಿದವು, ಸ್ಟೀಲ್ ಪಾತ್ರೆ ಮಧ್ಯಮ ವರ್ಗದ ಕೈಗೆಟುಕಿತು. ಕಾವು ಹರಡುವುದರಲ್ಲಿ ಅದು ತಾಮ್ರದ ಹತ್ತಿರವೂ ಬಾರದು. ತಾಮ್ರಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಹಿಂದೆ. ತಳ ಹಿಡಿಯುತ್ತದೆ, ಹಾಲು ಸೀಯುತ್ತದೆ. ಪಾತ್ರೆಯ ಗುಣದಲ್ಲಿ ಸೋತ ಲೋಹ ಗೆದ್ದದ್ದು ಮದುವೆಯ ಚಪ್ಪರದಲ್ಲಿ. ಸ್ಟೀಲು ಥಳಥಳಿಸುತ್ತದೆ, ಉಡುಗೊರೆಯ ಸಾಲಿನಲ್ಲಿ ಜೋಡಿಸಿಟ್ಟರೆ ಕಣ್ಣು ಸೆಳೆಯುತ್ತದೆ, ಅದರ ಮೇಲೆ ಯಂತ್ರದಲ್ಲಿ ಚುರ್ರೆಂದು ಹೆಸರು ಕೊರೆಸಬಹುದು. ಹೆಸರು ತಾಮ್ರದಿಂದ ಸ್ಟೀಲಿಗೆ ದಾಟಿದ್ದೇ ನಿಜವಾದ ತಿರುವು. ಅದೇ ಹೊತ್ತಿಗೆ ಉಳಿತಾಯವೂ ಜಾಗ ಬದಲಿಸಿತ್ತು. 1969ರ ರಾಷ್ಟ್ರೀಕರಣದ ನಂತರ ಹೋಬಳಿ ಊರುಗಳಿಗೂ ಬ್ಯಾಂಕಿನ ಶಾಖೆಗಳು ಬಂದವು, ಉಳಿದ ದುಡ್ಡು ಬಂಗಾರಕ್ಕೆ ಹೋಯಿತು. ಅಟ್ಟದ ಮೇಲಿನ ಹಂಡೆ ಆಗ ಆಸ್ತಿಯ ಪಟ್ಟಿಯಿಂದ ಜಾರಿ ಹಳೆಯ ಸಾಮಾನಾಯಿತು. ಹಳೆಯ ಸಾಮಾನಿಗೆ ಯಾರು ಕೂಲಿ ಕೊಟ್ಟು ತವರ ಹಚ್ಚಿಸುತ್ತಾರೆ? ತೂಕಕ್ಕೆ ಹಾಕಿ ಸ್ಟೀಲು ತಂದರು. ಕೊನೆಯ ಬಾರಿ ಆಸ್ತಿಯಾಗಿ ನಡೆದುಕೊಂಡ ತಾಮ್ರ ತನ್ನನ್ನು ಹೊರಹಾಕಿದ ಸ್ಟೀಲಿಗೇ ಬೆಲೆಯಾಗಿ ಹೋಯಿತು.

ಆರೋಗ್ಯದ ಭಯ ಕಾರಣ ಎನ್ನುವವರಿದ್ದಾರೆ. ಭಯಕ್ಕೆ ಆಧಾರವೂ ಇತ್ತು. ತವರ ದುಬಾರಿ, ಅದಕ್ಕೆ ಸೀಸ ಬೆರೆಸಿದರೆ ಬೇಗ ಕರಗುತ್ತದೆ, ಅಗ್ಗವೂ ಆಗುತ್ತದೆ, ಮೇಲುನೋಟಕ್ಕೆ ಗೊತ್ತಾಗುವುದೂ ಇಲ್ಲ. ಆದರೆ ಕಾನೂನು ಏನು ಹೇಳಿತ್ತೆಂದು ನೋಡಿ. 1955ರ ಆಹಾರ ಕಲಬೆರಕೆ ತಡೆ ನಿಯಮಗಳು ಸರಿಯಾಗಿ ಕಲಾಯಿ ಹಾಕದ ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ತುಕ್ಕು ಹಿಡಿದ ಡಬ್ಬಿ, ಚಕ್ಕೆ ಎದ್ದ ಎನಾಮೆಲ್ ಪಾತ್ರೆಗಳ ಸಾಲಿಗೆ ಸೇರಿಸಿದವು. ಅವುಗಳಲ್ಲಿಟ್ಟ ಆಹಾರ ತಿನ್ನಲು ಯೋಗ್ಯವಲ್ಲ ಎಂದವು. ಅಂದರೆ ಕಾನೂನು ತಾಮ್ರವನ್ನು ಬೇಡವೆನ್ನಲಿಲ್ಲ, ಕಲಾಯಿ ಮಾಡಿಸಿ ಎಂದಿತು. ಇಂಥ ಕಾನೂನಿನ ಬೆಂಬಲವಿದ್ದೂ ಒಂದು ಕಸುಬು ಸಾಯಬೇಕಾದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಇನ್ನೊಂದು ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾಗದು: ಹೊಗೆ ಕುಡಿದವನು ಯಾರು? ನವಸಾಗರದ ಹೊಗೆ, ಸೀಸದ ಹಬೆ, ಆಮ್ಲದಲ್ಲಿ ಒಡೆದ ಪಾದ ಇವೆಲ್ಲ ಕಲಾಯಿಗಾರನ ಮತ್ತು ಹಂಡೆಗಿಳಿದು ತಿಕ್ಕುತ್ತಿದ್ದ ಆ ಹುಡುಗನ ಪಾಲಿನವು. ಅವರ ಮಕ್ಕಳು ಬೇರೆ ದಾರಿ ಹಿಡಿದದ್ದನ್ನು ಪರಂಪರೆಯ ನಾಶ ಎಂದು ಹಲುಬುವುದು ಕಲಾಯಿ ಮಾಡಿಸಿಕೊಂಡವರಿಗೆ ಸುಲಭ. ಅಲ್ಲದೆ ಅವರ ಜೊತೆ ರಿಪೇರಿಯ ಕೈಯೇ ಹೋಯಿತು ಎನ್ನುವುದು ಸುಳ್ಳು. ಪ್ರೆಷರ್ ಕುಕ್ಕರ್ ಬಂದ ಮೇಲೆ ಅದರ ಗ್ಯಾಸ್ಕೆಟ್, ಹಿಡಿ, ಸುರಕ್ಷತಾ ವಾಲ್ವ್ ಬದಲಿಸುವವರು ಸೈಕಲ್ ಏರಿ ಓಣಿಗೆ ಬಂದರು. ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ, ಬಸವಕಲ್ಯಾಣದ ಸಸ್ತಾಪುರ ಬಂಗ್ಲಾದ ಆಟೋ ನಗರದಲ್ಲಿ ಹಳೆಯ ಲಾರಿಗಳನ್ನು ಮೊಳೆಮೊಳೆಯಾಗಿ ಬಿಚ್ಚುತ್ತಾರೆ. ಒಂದರ ಗೇರ್‌ಬಾಕ್ಸ್ ಇನ್ನೊಂದಕ್ಕೆ, ಮತ್ತೊಂದರ ಆಕ್ಸಲ್ ಮಗದೊಂದಕ್ಕೆ. ಅಲ್ಲಿ ನಡೆಯುವುದೂ ಬೋಗಾರರ ಅಂಗಡಿಯ ಲೆಕ್ಕವೇ: ಭಾಗಕ್ಕೆ ಬೆಲೆ ಇದ್ದರೆ ಅದನ್ನು ಉಳಿಸುವ ಕೈ ತಾನಾಗಿ ಬರುತ್ತದೆ. ರಿಪೇರಿ ಅಡುಗೆಮನೆಯಿಂದ ಹೆದ್ದಾರಿಗೆ ಹೋಯಿತು, ಯಾಕೆಂದರೆ ಆಸ್ತಿ ಹೋದದ್ದೂ ಅಲ್ಲಿಗೇ.

ಅಡುಗೆಯಲ್ಲೂ ಕಲಾಯಿ ಪೂರ್ತಿ ಅಳಿದಿಲ್ಲ. ಎಲ್ಲಿ ಉಳಿದಿದೆ ಎಂಬುದು ಈ ವಾದಕ್ಕೆ ಪುಷ್ಟಿ ಕೊಡುತ್ತದೆ. ಉರುಸು, ಮದುವೆಗಳಿಗೆ ಬಿರಿಯಾನಿ ಬೇಯಿಸುವ ತಾಮ್ರದ ದೊಡ್ಡ ಡೇಗಗಳು, ಮಠ ಮತ್ತು ಗುಡಿಗಳ ದಾಸೋಹದ ಹಳೆಯ ಕೊಪ್ಪರಿಗೆಗಳು ಇಂದಿಗೂ ಕಲಾಯಿ ಕಾಣುತ್ತವೆ. ಅವು ಒಬ್ಬರ ಮನೆಯವಲ್ಲ. ಜಮಾತಿನವು, ಸಂಸ್ಥಾನದವು, ಇಲ್ಲವೇ ಬಾಡಿಗೆಗೆ ಕೊಡುವವರವು. ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ತಾಮ್ರ ಇನ್ನೂ ಆಸ್ತಿ.

ಬಾಡಿಗೆಯ ಮಾತು ಬಂದಾಗ ಮದುವೆಯ ‘ಎಕ್ಸ್‌ಪ್ರೆಸೊ’ ಕಾಫಿಯನ್ನು ಬಿಡುವಂತಿಲ್ಲ. ಬೀದರ್ ಚಹಾ ಕುಡಿಯುವ ಜಿಲ್ಲೆ. ಆದರೂ ಅಡುಗೆ ಗುತ್ತಿಗೆದಾರರ ಸಾಮಾನಿನ ಜೊತೆ ಸ್ಟೀಲಿನ ಆ ಪೆಟ್ಟಿಗೆ ಬರುತ್ತದೆ. ಒಳಗೊಂದು ಬಾಯ್ಲರ್, ಕೆಳಗೆ ಗ್ಯಾಸಿನ ಉರಿ, ಮೇಲೆ ಒತ್ತಡದ ಮುಳ್ಳು, ಪಕ್ಕದಲ್ಲಿ ಹಬೆಯ ಕೊಳವೆ. ಹಾಲಿನ ಜಗ್ಗಿಗೆ ಕೊಳವೆ ಇಳಿಸಿ, ಭುಸುಗುಟ್ಟಿಸಿ, ನೊರೆಯ ಮೇಲೆ ಒಂದು ಚಿಟಿಕೆ ಕೋಕೋ ಉದುರಿಸಿದರೆ ಕಾಫಿ. ಇಟಲಿಯವರು ಇದನ್ನು ಎಸ್ಪ್ರೆಸೊ ಎಂದು ಒಪ್ಪಲಾರರು, ಯಾಕೆಂದರೆ ಇಲ್ಲಿ ಬಿಸಿನೀರು ಕಾಫಿಪುಡಿಯ ಮೂಲಕ ಹಾಯುವುದೇ ಇಲ್ಲ. ಆದರೆ 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರವೂ ಬಾಯ್ಲರಿನ ಹಬೆಯ ಒತ್ತಡವನ್ನೇ ನಂಬಿತ್ತು, ಸುಮಾರು ಒಂದೂವರೆ ಬಾರ್. ಸನ್ನೆಕೋಲು ಎಳೆದು ಎಂಟೊಂಬತ್ತು ಬಾರ್ ಒತ್ತಡ ತಂದು ದಪ್ಪ ನೊರೆ ತೋರಿಸಿದ್ದು ಅಕಿಲ್ಲೆ ಗಾಜಿಯಾ, 1940ರ ದಶಕದ ಕೊನೆಯಲ್ಲಿ. ಆ ಕೆಲಸವನ್ನು ಮೋಟಾರು ಪಂಪಿಗೆ ಒಪ್ಪಿಸಿದ್ದು 1961ರ ಫಾಯೆಮಾ ಇ61. ಇವತ್ತು ಹವ್ಯಾಸಿಗಳು ಹುಡುಕಿ ಕೊಳ್ಳುವುದು ಈ ವಂಶದ ಯಂತ್ರಗಳನ್ನೇ: ಹಿತ್ತಾಳೆಯ ತಲೆ, ತಾಮ್ರದ ಬಾಯ್ಲರ್, ಸ್ಪ್ಯಾನರಿಗೆ ಸಿಗುವ ನಟ್ಟುಗಳು. ಪ್ಲಾಸ್ಟಿಕ್ ಮೈಯ, ಅಂಟು ಹಾಕಿ ಮುಚ್ಚಿದ ಅಗ್ಗದ ಯಂತ್ರ ಕೆಟ್ಟರೆ ಅದೇ ಹವ್ಯಾಸಿ ಗುಜರಿಗೆ ಹಾಕುತ್ತಾನೆ. ಪ್ರೀತಿಯಿಂದ ಮಾಡುತ್ತೇವೆ, ದುಡ್ಡಿಗಲ್ಲ ಎಂದು ಅವನು ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ ಆ ಪ್ರೀತಿ ಮರುಮಾರಾಟದ ಬೆಲೆ ಇರುವ ಲೋಹದ ಮೇಲೆಯೇ ಕೂರುತ್ತದೆ ಎಂಬುದು ಕಾಕತಾಳೀಯವಲ್ಲ.

ಕೆಲಸದಲ್ಲೂ ಹೋಲಿಕೆ ಒಂದು ಹಂತದವರೆಗೆ ಸಾಗುತ್ತದೆ, ಅಲ್ಲಿಂದಾಚೆ ಸಾಗದು. ಕರಿಕಲ್ಲಿನ ಪದರದಿಂದ ಬರುವ ಬೋರ್‌ವೆಲ್ ನೀರು ಗಡುಸು; ಕಾಯಿಸಿದಷ್ಟೂ ಸುಣ್ಣ ಕಟ್ಟುತ್ತದೆ, ಸ್ನಾನದ ಹಂಡೆಯಲ್ಲಿ ಹೇಗೋ ಬಾಯ್ಲರಿನಲ್ಲೂ ಹಾಗೆ. ಹುಣಸೆಹಣ್ಣು ಉಪ್ಪು ಹಾಕಿ ಹಂಡೆಯ ಕಪ್ಪು ತೆಗೆಯುವ ಕೈಗೆ ಸಿಟ್ರಿಕ್ ಆಮ್ಲ ಬೇರೆ ವಿದ್ಯೆಯಲ್ಲ. ಆದರೆ ಹಂಡೆಯ ಬಾಯಿ ತೆರೆದಿರುತ್ತದೆ, ಬಾಯ್ಲರಿನದು ಮುಚ್ಚಿರುತ್ತದೆ. ಹೊಲಿಗೆ ಬಿಟ್ಟ ಬಾಯ್ಲರಿಗೆ ತವರದ ಬೆಸುಗೆ ಹಾಕಿದರೆ ಒತ್ತಡ ತಾಳುವಷ್ಟು ಗಟ್ಟಿಯಾಗದು, ಸೀಸ ಬೆರೆತ ಬೆಸುಗೆಯಾದರೆ ವಿಷವೂ ಹೌದು. ಅಲ್ಲಿಗೆ ಬೇಕಾದದ್ದು ಬೆಳ್ಳಿ ಬೆರೆಸಿದ, ಕ್ಯಾಡ್ಮಿಯಂ ಇಲ್ಲದ ಗಟ್ಟಿ ಬೆಸುಗೆ. ತಾಮ್ರದ ಕೊಳವೆಗೆ ಗಟ್ಟಿ ಬೆಸುಗೆ ಹಾಕುವ ಕೈ ಈಗ ಇರುವುದು ಫ್ರಿಜ್ಜು, ಏಸಿ ರಿಪೇರಿಯ ಅಂಗಡಿಗಳಲ್ಲಿ; ಕಡ್ಡಿ ಯಾವುದೆಂದು ಕೇಳಿಕೊಂಡು ಅವರಿಂದ ಬೆಸೆಸಬಹುದು. ಬೆಸೆದ ಮೇಲೆ ಸುರಕ್ಷತಾ ವಾಲ್ವ್ ಹೊಸದು ಹಾಕಿ, ತಣ್ಣೀರು ತುಂಬಿ, ಗಾಳಿ ಉಳಿಯದಂತೆ ನೋಡಿಕೊಂಡು, ಪಂಪಿನಿಂದ ಒತ್ತಡ ಕೊಟ್ಟು ಹೊಲಿಗೆಯ ಸುತ್ತ ಬೆವರೊಡೆಯುತ್ತದೆಯೇ ಎಂದು ನೋಡಬೇಕು. ಆಮೇಲಷ್ಟೇ ಕಾಯಿಸುವ ಮಾತು.